ಕೆಜಿಎಫ್ ಸೈನೈಡ್ ದಿಬ್ಬ: ಹರಾಜಿಗೆ ಮುನ್ನ ಪರೀಕ್ಷೆಯ ಅಂಕಿಗಳು ಹೊರಬರಲಿ

ಮಾನ್ಯ ಸಂಪಾದಕರೇ,

ಕೆಜಿಎಫ್‌ನ ಸೈನೈಡ್ ದಿಬ್ಬಗಳ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಗುಡ್ಡಗಳ, ಸುದ್ದಿ ಬಂದಾಗಲೆಲ್ಲ ಒಂದೇ ಲೆಕ್ಕ ಕಿವಿಗೆ ಬೀಳುತ್ತದೆ. ಸುಮಾರು 3.3 ಕೋಟಿ ಟನ್ ಮಣ್ಣು, ಟನ್ನಿಗೆ 0.7 ಗ್ರಾಂ, ಒಟ್ಟು 23 ಟನ್ ಚಿನ್ನ. ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್‌ಗೆ (ಬಿಜಿಎಂಎಲ್) ಸೇರಿದ 13 ದಿಬ್ಬಗಳಿರುವ ಸಾವಿರ ಎಕರೆ ಜಾಗದಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದಾಗಲೂ ಇದೇ ಲೆಕ್ಕ ಹರಿದಾಡಿತು. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ದಿಬ್ಬದಲ್ಲಿರುವ ಚಿನ್ನವೇ ಬೇರೆ, ಕೈಗೆ ಸಿಗುವ ಚಿನ್ನವೇ ಬೇರೆ. ಎರಡರ ನಡುವಿನ ಅಂತರ ಎಷ್ಟೆಂದು ಹೇಳಬೇಕಾದದ್ದು ಅದಿರು ಪ್ರಯೋಗಾಲಯ. ಆ ವರದಿಯ ಮಾತನ್ನೇ ಯಾರೂ ಎತ್ತುತ್ತಿಲ್ಲ.

ಒಂದು ಸಂಗತಿ ಮರೆಯಬಾರದು. ಈ ಮಣ್ಣು ಆಗಲೇ ಒಮ್ಮೆ ಗಿರಣಿ ಹೊಕ್ಕು ಬಂದದ್ದು. 1880ರ ದಶಕದಿಂದ 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚುವವರೆಗೆ ಸಿಕ್ಕಷ್ಟನ್ನು ಬಾಚಿಕೊಂಡು, ಸಿಗದೆ ಹೋದದ್ದನ್ನು ಇಲ್ಲಿ ಸುರಿದಿದ್ದಾರೆ. ಹಾಗಾದರೆ ಮೊದಲು ಕೇಳಬೇಕಾದದ್ದು ಅದು ಯಾಕೆ ಸಿಗಲಿಲ್ಲ ಎಂದು. ಕಣ ದಪ್ಪವಾಗಿದ್ದು ಕರಗಲು ಸಮಯ ಸಾಲಲಿಲ್ಲವೇ? ಬೆಣಚುಕಲ್ಲಿನೊಳಗೆ ಹುದುಗಿತ್ತೇ? ಪೈರೋಟೈಟ್, ಆರ್ಸೆನೋಪೈರೈಟ್‌ನಂಥ ಗಂಧಕದ ಖನಿಜಗಳಲ್ಲಿ ಸಿಕ್ಕಿಕೊಂಡಿತ್ತೇ? ಇಲ್ಲಿಯ ಮುಖ್ಯ ಅದಿರು ಪದರವಾದ ಚಾಂಪಿಯನ್‌ನ ಚಿನ್ನ ಬಹುಪಾಲು ಬೆಣಚುಕಲ್ಲಿನಲ್ಲಿ ಬಿಡಿಯಾಗಿ ಇದ್ದದ್ದು, ಪಶ್ಚಿಮ ಭಾಗದ ಪದರಗಳಲ್ಲಿ ಗಂಧಕದ ಖನಿಜಗಳು ಹೆಚ್ಚು. ಹೀಗಾಗಿ 13 ದಿಬ್ಬಗಳನ್ನು ಒಂದೇ ಸರಕೆಂದು ಎಣಿಸುವುದೇ ಮೊದಲ ತಪ್ಪು.

ಮಾದರಿ ತೆಗೆಯುವಲ್ಲಿ ಎಡವಿದರೆ ಮುಂದಿನದೆಲ್ಲ ಎಡವಟ್ಟು. ಕೆಸರುನೀರಾಗಿ ಪೈಪಿನಿಂದ ಸುರಿದ ದಿಬ್ಬದಲ್ಲಿ ಮರಳು ಪೈಪಿನ ಬಾಯಿಯ ಹತ್ತಿರವೇ ಕೂರುತ್ತದೆ, ನುಣುಪು ಕೆಸರು ದೂರ ಹರಿದು ನಿಲ್ಲುತ್ತದೆ. ಅಂಚಿನಲ್ಲಿ ಒಂದಷ್ಟು ಗುಂಡಿ ತೋಡಿ ತಂದದ್ದು ಮರಳಿನ ಕಥೆಯನ್ನಷ್ಟೇ ಹೇಳೀತು. 50 ಮೀಟರ್ ಚೌಕದಲ್ಲಿ ಬುಡದವರೆಗೂ ಕೊರೆದು, ಮೀಟರಿಗೊಂದರಂತೆ ಮಾದರಿ ತೆಗೆಯಬೇಕು. ಒಳಗಿನ ಹಸಿ ಕೆಸರಿನಲ್ಲಿ ತಿರುಪಿನಂಥ ಸಾಮಾನ್ಯ ಆಗರ್ ಕೊರೆಯುವ ಯಂತ್ರ ನಡೆಯುವುದಿಲ್ಲ. ಮೇಲೆತ್ತುವಾಗ ಮಾದರಿ ಜಾರಿಹೋಗುತ್ತದೆ, ಇಲ್ಲವೇ ಮೇಲಿನದು ಕೆಳಗಿನದರೊಂದಿಗೆ ಕಲೆಯುತ್ತದೆ. ಅಲ್ಲಿ ಕೊಳವೆ ಒತ್ತಿ ಇಡಿಯಾಗಿ ತೆಗೆಯಬೇಕು. ಒಣ ಸಾಂದ್ರತೆಯನ್ನೂ ಅದೇ ಕೊಳವೆಯಿಂದ ಅಳೆಯಬೇಕು. ಘನ ಮೀಟರಿಗೆ 1.6 ಟನ್ ಎಂದು ಊಹಿಸಿದ್ದು ನಿಜಕ್ಕೂ 1.45 ಇದ್ದರೆ ಇಡೀ ದಿಬ್ಬದ ತೂಕ ಶೇ 9ರಷ್ಟು ಕರಗಿಹೋಗುತ್ತದೆ.

ಇನ್ನು ಚಿನ್ನ ಅಳೆಯುವ ವಿಚಾರ. ಟನ್ನಿಗೆ 0.7 ಗ್ರಾಂ ಎಂದರೆ, ಕುಲುಮೆ ಪರೀಕ್ಷೆಗೆ ತೂಗುವ 50 ಗ್ರಾಂ ಪುಡಿಯಲ್ಲಿ ಇರುವುದು ಕೇವಲ 35 ಮೈಕ್ರೋಗ್ರಾಂ ಚಿನ್ನ. ಮಿಲಿಮೀಟರಿನ ಹತ್ತನೇ ಒಂದರಷ್ಟು ಬದಿಯಿರುವ ಒಂದೇ ಒಂದು ಚಿನ್ನದ ಕಣ ಸುಮಾರು 19 ಮೈಕ್ರೋಗ್ರಾಂ ತೂಗುತ್ತದೆ. ಆ ಕಣ ನಿಮ್ಮ ಮೂಸೆಗೆ ಬಿತ್ತೋ ಪಕ್ಕದ ಪೊಟ್ಟಣದಲ್ಲಿ ಉಳಿಯಿತೋ ಎನ್ನುವುದರ ಮೇಲೆಯೇ ಫಲಿತಾಂಶ 0.4 ಗ್ರಾಂ ಅತ್ತಿತ್ತ ಆಗುತ್ತದೆ. ಅದಕ್ಕೇ ಇಂಥ ಮಣ್ಣಿಗೆ ಒಂದೆರಡು ಕಿಲೋ ತೂಕದ ಮಾದರಿಯನ್ನು ಜರಡಿ ಹಿಡಿದು, ದಪ್ಪ ಭಾಗವನ್ನು ಪೂರ್ತಿಯಾಗಿ ಕರಗಿಸಿ ನೋಡುವ ಕ್ರಮ ಬೇಕು. ಒಂದೇ ಮಾದರಿಯನ್ನು ಎರಡು ಪ್ರಯೋಗಾಲಯಗಳಿಗೆ ಕಳಿಸಿ ಎರಡರ ಅಂಕಿಗಳನ್ನೂ ಅಕ್ಕಪಕ್ಕ ಇಟ್ಟು ಪ್ರಕಟಿಸಲಿ. ಸರಾಸರಿಯೊಂದನ್ನೇ ಕೊಟ್ಟರೆ ಏನೂ ತಿಳಿಯುವುದಿಲ್ಲ.

ಗಾತ್ರವಾರು ಲೆಕ್ಕವಂತೂ ಇರಲೇಬೇಕು. 150, 75, 38 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಜರಡಿಗಳಲ್ಲಿ ಬೇರ್ಪಡಿಸಿ, ಪ್ರತಿ ಭಾಗದಲ್ಲೂ ಚಿನ್ನ ಎಷ್ಟೆಂದು ನೋಡಬೇಕು. ದಪ್ಪ ಮರಳಿನಲ್ಲಿ ಚಿನ್ನ ಹೆಚ್ಚಿದ್ದರೆ ಮತ್ತೆ ಅರೆದು ಬಿಡಿಸಬಹುದು. ನುಣುಪಿನಲ್ಲಿ ಸಿಕ್ಕಿಕೊಂಡಿದ್ದರೆ ಎಷ್ಟು ಅರೆದರೂ ಕರೆಂಟು ದಂಡ. 150 ಮೈಕ್ರಾನ್‌ನಿಂದ 53ಕ್ಕೆ ಇಳಿಸಲು ಟನ್ನಿಗೆ ಹತ್ತಿರಹತ್ತಿರ 8 ಯೂನಿಟ್ ವಿದ್ಯುತ್ ಬೇಕು. ಹತ್ತು ವರ್ಷದಲ್ಲಿ ದಿಬ್ಬ ಮುಗಿಸಬೇಕೆಂದರೆ ದಿನಕ್ಕೆ 10,000 ಟನ್ ನಡೆಸಬೇಕು, ಅಂದರೆ ಅರೆಯುವುದಕ್ಕೇ ದಿನಕ್ಕೆ 80,000 ಯೂನಿಟ್. ಗಂಧಕದ ಖನಿಜವನ್ನಷ್ಟೇ ನೊರೆ ತೇಲಿಸಿ ಬೇರ್ಪಡಿಸಿ, ಆ ಶೇ 4-5 ಭಾಗವನ್ನು ಮಾತ್ರ 20 ಮೈಕ್ರಾನ್‌ಗೆ ಅರೆಯುವುದು ಜಾಣ ದಾರಿ. ಆದರೆ ದಶಕಗಟ್ಟಲೆ ಮಳೆ ಬಿಸಿಲಿಗೆ ಬಿದ್ದ ಖನಿಜದ ಮೈಗೆ ತುಕ್ಕು ಹಿಡಿದಿರುತ್ತದೆ, ನೊರೆಗೆ ಅಂಟಿಸುವ ರಾಸಾಯನಿಕವಾದ ಕ್ಸಾಂಥೇಟ್ ಹಾಕಿದರೂ ನೊರೆಗೆ ಅಂಟುವುದಿಲ್ಲ. ಮೊದಲು ಉಜ್ಜಿ ತೊಳೆದು ನೋಡಬೇಕು. ಫಲ ಸಿಕ್ಕೀತೇ ಎನ್ನುವುದಕ್ಕೆ ಅಲ್ಲಿಯ ಮಣ್ಣೇ ಉತ್ತರ ಕೊಡಬೇಕು, ಬೇರೆ ದೇಶದ ವರದಿಯಲ್ಲ.

ಸೈನೈಡ್ ನೀರಿನಲ್ಲಿ ಚಿನ್ನ ಎಷ್ಟು ಕರಗುತ್ತದೆ ಎಂದು ನೋಡುವ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಆಗುವ ಮೋಸವೊಂದಿದೆ. ಒಂದು ಕಿಲೋ ಒಣ ಮಣ್ಣು, 1.2 ಲೀಟರ್ ನೀರು, ಸುಣ್ಣ ಹಾಕಿ ಪಿಎಚ್ 10.5ಕ್ಕೆ ಏರಿಸಿ, ಆಮೇಲೆ ಲೀಟರಿಗೆ ಅರ್ಧ ಗ್ರಾಂ ಸೋಡಿಯಂ ಸೈನೈಡ್ ಬೆರೆಸಿ ಬಾಟಲಿಯಲ್ಲಿ 48 ಗಂಟೆ ಉರುಳಿಸುತ್ತಾರೆ. ಈ ಕ್ರಮ ತಪ್ಪಬಾರದು. ಪಿಎಚ್ 9.2ಕ್ಕೆ ಇಳಿದರೆ ಅರ್ಧ ಸೈನೈಡ್ ವಿಷಾನಿಲವಾಗುತ್ತದೆ. ಹಳೆಯ ದಿಬ್ಬದಲ್ಲಿ ಗಂಧಕ ಕೊಳೆತು ಆಮ್ಲವೂ ಕಬ್ಬಿಣದ ಸಲ್ಫೇಟೂ ಆಗಿರುವುದರಿಂದ ಸುಣ್ಣ ಬೇಗ ಖಾಲಿಯಾಗುತ್ತದೆ, ಸೈನೈಡನ್ನು ಕಬ್ಬಿಣ ನುಂಗುತ್ತದೆ, ಪೈರೋಟೈಟ್ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ನಾಲ್ಕೇ ಗಂಟೆಗೆ ಬಾಟಲಿಯಲ್ಲಿ ಸೈನೈಡ್ ಸೊನ್ನೆಯಾಗಿದ್ದರೂ ಗಮನಿಸದೆ 48ನೇ ಗಂಟೆಗೆ ‘ಶೇ 40 ಇಳುವರಿ’ ಎಂದು ಬರೆದುಬಿಟ್ಟರೆ, ಚಿನ್ನ ಗಟ್ಟಿಯಾಗಿ ಸಿಕ್ಕಿಕೊಂಡಿದೆ ಎಂದೇ ಓದಿದವರು ತಿಳಿಯುತ್ತಾರೆ. ಆಗಿದ್ದು ಸೈನೈಡಿನ ಕೊರತೆ, ಅಷ್ಟೇ. 2, 4, 8, 24, 48 ಗಂಟೆಗಳಲ್ಲಿ ಚಿನ್ನದ ಜೊತೆ ಉಳಿದ ಸೈನೈಡ್, ಪಿಎಚ್, ಆಮ್ಲಜನಕ ಎಲ್ಲವನ್ನೂ ಅಳೆದಿರಬೇಕು. ಡಿಸ್ಟಿಲ್ಡ್ ನೀರಿನಲ್ಲಿ ಮಾಡಿದ ಪರೀಕ್ಷೆಯೂ ಬೇಡ. ಸ್ಥಾವರದಲ್ಲಿ ತಿರುಗಿ ತಿರುಗಿ ಬರುವುದು ಉಪ್ಪು ಸೇರಿದ ನೀರು.

ಟನ್ನಿಗೆ ಅರ್ಧ ಕಿಲೋ ಸೈನೈಡ್ ಸಾಕಾದರೆ ದಿನಕ್ಕೆ 5 ಟನ್, ಒಂದೂವರೆ ಕಿಲೋ ಬೇಕಾದರೆ 15 ಟನ್. ಲಾಭ ನಷ್ಟ ಇಲ್ಲಿಯೇ ತೀರ್ಮಾನ. ಕೊನೆಯ ತೊಟ್ಟಿಯಿಂದ ಹೊರಹೋಗುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಚಿನ್ನ ಉಳಿದರೂ ಟನ್ನಿಗೆ 0.012 ಗ್ರಾಂ ಕೈತಪ್ಪುತ್ತದೆ. ಇಳುವರಿಯೇ 0.35 ಗ್ರಾಂ ಆಗಿದ್ದರೆ ಅದು ಶೇ 3ಕ್ಕೂ ಮೇಲು. ಕರಗಿದ ಚಿನ್ನವನ್ನು ಹೀರಿಕೊಳ್ಳುವ ತೆಂಗಿನ ಚಿಪ್ಪಿನ ಕಾರ್ಬನ್ ಸವೆದು ಪುಡಿಯಾಗಿ ಹರಿದುಹೋದರೆ ಅದರೊಂದಿಗೂ ಚಿನ್ನ ಹೋಯಿತು. ದಿಬ್ಬದ ಮೇಲೆ ಬೆಳೆದ ಹುಲ್ಲು ಬೇರುಗಳನ್ನು ಜರಡಿಯಲ್ಲಿ ಮೊದಲೇ ಹಿಡಿಯದಿದ್ದರೆ ತೊಟ್ಟಿಯೊಳಗಿನ ಜಾಲರಿಗಳು ಕಟ್ಟಿಕೊಂಡು ತೊಟ್ಟಿ ಉಕ್ಕಿ ಹರಿಯುತ್ತದೆ.

ದಕ್ಷಿಣ ಆಫ್ರಿಕಾದ ಉದಾಹರಣೆ ಕೊಡುವವರಿದ್ದಾರೆ. ನಿಜ, ಜೋಹಾನ್ಸ್‌ಬರ್ಗ್ ಪೂರ್ವದ ಬ್ರಾಕ್‌ಪ್ಯಾನ್‌ನಲ್ಲಿ 1970ರ ದಶಕದ ಕೊನೆಯಲ್ಲಿ ಆರಂಭವಾದ ಎರ್ಗೊ ಸ್ಥಾವರ ಹಳೆಯ ದಿಬ್ಬಗಳನ್ನು ನೀರಿನ ಫಿರಂಗಿಯಿಂದ ಕರಗಿಸುತ್ತಿದೆ. ಈಗ ಅವರಿಗೆ ಸಿಗುವುದು ಟನ್ನಿಗೆ 0.2 ಗ್ರಾಂ ಆಸುಪಾಸು, ನಮ್ಮದಕ್ಕಿಂತ ಕಡಿಮೆಯೇ. ಆದರೆ ಅವರು ತಿಂಗಳಿಗೆ ಹತ್ತು ಲಕ್ಷ ಟನ್ನಿಗೂ ಮೇಲೆ ನಡೆಸುತ್ತಾರೆ. ನಾವು ಮಾತಾಡುತ್ತಿರುವುದು ವರ್ಷಕ್ಕೆ 33 ಲಕ್ಷ ಟನ್. ಅದೇ ಸ್ಥಾವರ, ಅದೇ ಮೇಲ್ವಿಚಾರಣೆ, ಅದೇ ಸಾಲದ ಬಡ್ಡಿ ಇಷ್ಟು ಕಡಿಮೆ ಮಣ್ಣಿನ ಮೇಲೆ ಬೀಳುತ್ತದೆ.

ನೀರಿನ ವಿಚಾರ ಕೋಲಾರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆಸರನ್ನು ಶೇ 60ರವರೆಗೆ ಗಟ್ಟಿ ಮಾಡಿ ಸುರಿದರೂ ದಿನಕ್ಕೆ 6,700 ಟನ್ ನೀರು ಅದರೊಡನೆ ಹೋಗುತ್ತದೆ, ಅದರಲ್ಲಿ ಒಂದಿಷ್ಟು ಮಾತ್ರ ವಾಪಸು. ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿ ಶೇ 18 ತೇವಕ್ಕೆ ತಂದರೆ 2,200 ಟನ್ನಿಗೆ ಇಳಿಯುತ್ತದೆ. ಯಂತ್ರಕ್ಕೆ ಹಣ ಹೆಚ್ಚು, ನಿಜ. ಈ ಊರಿಗೆ ಬೇರೆ ದಾರಿಯೂ ಇಲ್ಲ.

ಪಾದರಸದ ಮಾತು ಎಲ್ಲಿಯೂ ಕಾಣುವುದಿಲ್ಲ. ಮೊದಮೊದಲ ಗಿರಣಿಗಳಲ್ಲಿ ಚಿನ್ನ ಹಿಡಿಯುತ್ತಿದ್ದದ್ದು ಪಾದರಸ ಸವರಿದ ತಾಮ್ರದ ಹಲಗೆಗಳ ಮೇಲೆ. ಹಳೆಯ ದಿಬ್ಬಗಳಲ್ಲಿ ಅದು ಉಳಿದಿದ್ದರೆ ಸೈನೈಡಿನಲ್ಲಿ ಕರಗಿ ಚಿನ್ನದ ಜೊತೆಯೇ ಕಾರ್ಬನ್ ಏರಿ, ಕಡೆಗೆ ಕುಲುಮೆ ಕೋಣೆಯಲ್ಲಿ ಆವಿಯಾಗುತ್ತದೆ. ಅಲ್ಲಿ ನಿಂತು ದುಡಿಯುವವರ ಶ್ವಾಸಕ್ಕೆ ಹೋಗದಂತೆ ಆವಿಯನ್ನು ತಂಪಾಗಿಸಿ ಹಿಡಿಯುವ ಮುಚ್ಚಿದ ಪಾತ್ರೆ (ರಿಟಾರ್ಟ್) ಬೇಕು. ಪ್ರತಿ ದಿಬ್ಬದ ಮಾದರಿಗೂ ಪಾದರಸ, ಆರ್ಸೆನಿಕ್ ಅಳತೆ ಕಡ್ಡಾಯವಾಗಲಿ. ಆರ್ಸೆನಿಕ್ ಏಕೆಂದರೆ, ಈಗ ಕಬ್ಬಿಣದ ತುಕ್ಕಿಗೆ ಅಂಟಿಕೊಂಡು ಸುಮ್ಮನಿರುವ ಅದು ಪಿಎಚ್ 10.5ರ ಸುಣ್ಣದ ನೀರಿನಲ್ಲಿ ಮತ್ತೆ ಬಿಡಿಸಿಕೊಳ್ಳಬಹುದು. ಸೈನೈಡ್ ನಾಶಪಡಿಸುವ ಗಂಧಕದ ಡಯಾಕ್ಸೈಡ್ ವಿಧಾನದಲ್ಲಿ ಸುಲಭವಾಗಿ ಬಿಡುಗಡೆಯಾಗುವ ಸೈನೈಡನ್ನು ಲೀಟರಿಗೆ 50 ಮಿಲಿಗ್ರಾಂ ಒಳಗೆ ತಂದರೆ ಅಂತರರಾಷ್ಟ್ರೀಯ ಸೈನೈಡ್ ಸಂಹಿತೆಯ ಮಟ್ಟ ತಲುಪಿದಂತೆ. ಅದು ಹಕ್ಕಿಪಕ್ಷಿಗಳನ್ನು ನೋಡಿ ಇಟ್ಟ ಮಿತಿ. ದಿಬ್ಬದ ಬುಡದಲ್ಲೇ ಮನೆಗಳಿರುವಲ್ಲಿ ಅದನ್ನೇ ಗುರಿ ಎನ್ನಲಾಗದು.

ಬೆಂಗಳೂರಿನಲ್ಲಿ ಭಾರತೀಯ ಗಣಿ ಬ್ಯೂರೋದ ಖನಿಜ ಸಂಸ್ಕರಣಾ ಪ್ರಯೋಗಾಲಯವಿದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಗಣಿ ಮತ್ತು ಲೋಹಶಾಸ್ತ್ರದ ವಿಭಾಗಗಳಿವೆ. ಹಟ್ಟಿ ಚಿನ್ನದ ಗಣಿಯಲ್ಲಿ ಸೈನೈಡ್ ಸ್ಥಾವರ ನಿತ್ಯ ನಡೆಸುವ ಎಂಜಿನಿಯರುಗಳಿದ್ದಾರೆ. ಟೆಂಡರ್ ಕಾಗದದ ಜೊತೆ ದಿಬ್ಬವಾರು ಪರೀಕ್ಷಾ ವರದಿ ಲಗತ್ತಿಸುವುದು ಅಸಾಧ್ಯದ ಮಾತಲ್ಲ. ಅದಿಲ್ಲದೆ ಕೂಗಿದ ಹರಾಜಿನಲ್ಲಿ ಕೆಲವರು ಕಣ್ಣುಮುಚ್ಚಿ ದೊಡ್ಡ ಮೊತ್ತ ಹೇಳಿ, ಇಳುವರಿ ಬಾರದಾಗ ಮೇಲ್ಪದರದ ಸುಲಭ ಮರಳನ್ನು ಕೆರೆದುಕೊಂಡು ಕೆಸರನ್ನು ಹಾಗೇ ಬಿಟ್ಟು ಹೋಗುತ್ತಾರೆ.

ಕಡೆಯದಾಗಿ ಧೂಳು. ತೆಗೆಯುವ ಚಿನ್ನ ಕೆಲವೇ ಟನ್, ಉಳಿದ 3.3 ಕೋಟಿ ಟನ್ ಮತ್ತೆ ಎಲ್ಲಾದರೂ ಕೂರಬೇಕು, ಅದೂ ಮೊದಲಿಗಿಂತ ನುಣುಪಾಗಿ. ಆಷಾಢದ ಗಾಳಿಗೆ ಈಗಲೇ ಸಿಲಿಕಾ ಧೂಳು ಮನೆಯೊಳಗೆ ಬರುತ್ತದೆ. ಆದ್ದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ಒಣ ಮುಖದಲ್ಲಿ ಯಂತ್ರ ಹಚ್ಚಿ ದಿಬ್ಬ ಕಡಿಯಬಾರದು, ಒಂದು ದಿಬ್ಬವನ್ನು ಬುಡದವರೆಗೂ ಮುಗಿಸದೆ ಇನ್ನೊಂದನ್ನು ತೆರೆಯಬಾರದು, ಹೊಸ ದಿಬ್ಬದ ಇಳಿಜಾರಿಗೆ ಆಯಾ ವರ್ಷವೇ ಮಣ್ಣು ಹೊದಿಸಿ ಹುಲ್ಲು ಹಿಡಿಸಬೇಕು. ಈ ಮೂರು ಷರತ್ತುಗಳು ಗುತ್ತಿಗೆ ಪತ್ರದಲ್ಲೇ ಇರಲಿ, ಆಮೇಲಿನ ಸುತ್ತೋಲೆಯಲ್ಲಿ ಅಲ್ಲ.

– ಖನಿಜ ಸಂಸ್ಕರಣಾ ಎಂಜಿನಿಯರ್, ಬಂಗಾರಪೇಟೆ