ದ್ವೀಪ ಯಾರದ್ದು ಅಂತ ಕೇಳಿದ್ದು ಸಾಕು, ಅಲ್ಲಿದ್ದ ಜನ ಎಲ್ಲಿ?

ಸಂಪಾದಕರಿಗೆ ನಮಸ್ಕಾರ.

ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳ ಸುದ್ದಿ ಬಂದಾಗಲೆಲ್ಲ ಅದೇ ಚರ್ಚೆ. ಬ್ರಿಟನ್ನಿಗೆ ಸೇರಬೇಕೋ ಮಾರಿಷಸ್‌ಗೆ ಸೇರಬೇಕೋ, ಅಲ್ಲಿನ ಮುಖ್ಯ ದ್ವೀಪ ಡಿಯಾಗೋ ಗಾರ್ಸಿಯಾದಲ್ಲಿರುವ ಅಮೆರಿಕ ಸೇನಾ ನೆಲೆ ಏನಾಗುತ್ತದೆ, ಚೀನಾಕ್ಕೆ ಲಾಭವೋ ನಮಗೆ ಲಾಭವೋ. ಓದಿ ಓದಿ ಬೇಸರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಆ ದ್ವೀಪಗಳಲ್ಲಿ ಜನ ಇದ್ದರು. ಅವರನ್ನು ಎಬ್ಬಿಸಿ ಕಳಿಸಿದರು. ಆ ತಪ್ಪಿಗೆ ಹೊಣೆ ಯಾರು ಅನ್ನೋ ಪ್ರಶ್ನೆ ಸುದ್ದಿಯ ಕೊನೆ ಸಾಲಿಗೆ ಹೋಗಿಬಿಡುತ್ತದೆ, ಎಷ್ಟೋ ಸಲ ಅದೂ ಇರಲ್ಲ.

ನಾನು ಅರಸೀಕೆರೆ ಕಡೆಯವನು. ಅಟ್ಟದ ಮೇಲೆ ಕಾಯಿ ಹಾಕಿ, ಹತ್ತು ಹನ್ನೊಂದು ತಿಂಗಳು ಕಾದು, ಒಂದನ್ನು ಕೈಗೆ ತೆಗೆದುಕೊಂಡು ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಡಲೊಡ ಅಂದರೆ ಸಮಾಧಾನಪಡುವ ಮನೆ ನಮ್ಮದು. ಚಾಗೋಸಿನವರೂ ಕೊಬ್ಬರಿಯ ಜನವೇ. ಹದಿನೆಂಟನೇ ಶತಮಾನದ ಕೊನೆಗೆ ಫ್ರೆಂಚರು ಆಫ್ರಿಕಾ, ಮಡಗಾಸ್ಕರ್ ಕಡೆಯಿಂದ ಗುಲಾಮರನ್ನು ತಂದು ಅಲ್ಲಿ ತೆಂಗಿನ ತೋಟ ಮಾಡಿಸಿದರು. ಆಮೇಲೆ ನಮ್ಮ ದೇಶದಿಂದಲೂ ಕೂಲಿಯವರು ಹೋಗಿ ಅವರೊಳಗೆ ಬೆರೆತರು. ಎಷ್ಟೋ ತಲೆಮಾರು ಅಲ್ಲೇ ಹುಟ್ಟಿ, ಕಾಯಿ ಒಡೆದು ಕೊಬ್ಬರಿ ಒಣಗಿಸಿ, ಅಲ್ಲೇ ಮಣ್ಣಾದರು.

1965ರಲ್ಲಿ, ಮಾರಿಷಸ್‌ಗೆ ಇನ್ನೂ ಸ್ವಾತಂತ್ರ್ಯ ಸಿಗುವ ಮೊದಲೇ, ಬ್ರಿಟನ್ ಈ ದ್ವೀಪಗಳನ್ನು ಅದರಿಂದ ಕಿತ್ತು ಬೇರೆ ಮಾಡಿತು. ಮಾರಿಷಸ್‌ಗೆ ಕೊಟ್ಟಿದ್ದು 30 ಲಕ್ಷ ಪೌಂಡ್. ಮರುವರ್ಷ ಸೇನಾ ನೆಲೆಗಾಗಿ ಅಮೆರಿಕಕ್ಕೆ 50 ವರ್ಷದ ಒಪ್ಪಂದ ಮಾಡಿಕೊಟ್ಟು, ಅದಕ್ಕೆ ಬದಲಾಗಿ ಪೊಲಾರಿಸ್ ಕ್ಷಿಪಣಿ ಖರೀದಿಯಲ್ಲಿ 1.4 ಕೋಟಿ ಡಾಲರ್ ರಿಯಾಯಿತಿ ಪಡೆಯಿತು. ಅಲ್ಲಿ ಕಾಯಂ ಜನರೇ ಇಲ್ಲ, ಇರುವವರೆಲ್ಲ ಗುತ್ತಿಗೆ ಕೂಲಿಗಳು ಅಂತ ಜಗತ್ತಿಗೆ ಹೇಳಿತು. ಕಡಲಹಕ್ಕಿ ಬಿಟ್ಟರೆ ಅಲ್ಲಿ ಮೂಲನಿವಾಸಿಗಳು ಯಾರೂ ಇರುವುದಿಲ್ಲ ಅಂತ 1966ರಲ್ಲಿ ಬ್ರಿಟನ್ನಿನ ಹಿರಿಯ ಅಧಿಕಾರಿ ಬರೆದಿಟ್ಟ ಟಿಪ್ಪಣಿ ಆಮೇಲೆ ಹೊರಗೆ ಬಂತು. 1968ರಿಂದ 1973ರೊಳಗೆ ಸುಮಾರು 1,500ರಿಂದ 2,000 ಜನರನ್ನು ಖಾಲಿ ಮಾಡಿಸಿದರು. ಡಿಯಾಗೋ ಗಾರ್ಸಿಯಾದಲ್ಲಿ ಮೊದಲು ಅವರ ನಾಯಿಗಳನ್ನು ಹಿಡಿದು, ಕೊಬ್ಬರಿ ಒಣಗಿಸುವ ಮನೆಯೊಳಗೆ ಕೂಡಿಹಾಕಿ, ವಾಹನದ ಹೊಗೆ ಬಿಟ್ಟು ಕೊಂದರು. ಇದನ್ನು ಓದಿದ ದಿನ ನನಗೆ ಅಟ್ಟ ಹತ್ತಲು ಮನಸ್ಸಾಗಲಿಲ್ಲ.

ಹಡಗಿನಲ್ಲಿ ತುಂಬಿ ಮಾರಿಷಸ್, ಸೇಷೆಲ್ಸ್‌ಗೆ ತಂದು ಬಿಟ್ಟರು. ಮನೆಯಿಲ್ಲ, ಕೆಲಸವಿಲ್ಲ. ಪರಿಹಾರದ ಹಣ ಬರಲು ವರ್ಷಗಳೇ ಬೇಕಾದವು. 1980ರ ದಶಕದಲ್ಲಿ ಇನ್ನಷ್ಟು ಹಣ ಕೊಡುವಾಗ, ವಾಪಸ್ ಬರುವ ಹಕ್ಕು ಬಿಟ್ಟುಕೊಟ್ಟಿದ್ದೇವೆ ಅನ್ನುವ ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಓದಲು ಬಾರದವರೇ ಜಾಸ್ತಿ. ನಮ್ಮ ಹಳ್ಳಿಗಳಲ್ಲಿ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡವರ ಕಥೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಅಮ್ಮನ ತವರು ಹೇಮಾವತಿ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅಮ್ಮ ದಡದಲ್ಲಿ ನಿಂತು, ಅಲ್ಲಿ ನಮ್ಮ ಹಿತ್ತಿಲು ಇತ್ತು, ಅಲ್ಲಿ ಹುಣಸೆಮರ ಇತ್ತು ಅಂತ ಕೈ ತೋರಿಸುತ್ತಿದ್ದರು. ಅಣೆಕಟ್ಟೆಗೂ ಸೇನಾ ನೆಲೆಗೂ ಹೋಲಿಕೆ ಸರಿಯಲ್ಲ, ಗೊತ್ತು. ಆದರೆ ನೆಲ ಕಳೆದುಕೊಂಡವರಿಗೆ ಕೈ ತೋರಿಸಲು ಒಂದು ದಡವಾದರೂ ಬೇಕು. ಚಾಗೋಸಿನವರಿಗೆ ಅದೂ ಇರಲಿಲ್ಲ. 2006ರಲ್ಲಿ ನೂರರಷ್ಟು ಜನರಿಗೆ ಹೋಗಿ ಬರಲು ಬಿಟ್ಟರು. ಹಿರಿಯರ ಗೋರಿಗಳ ಹತ್ತಿರ ಹೋಗಿ, ಗುಡಿಸಿ, ಹೂವಿಟ್ಟು ಹಡಗು ಹತ್ತಿದರು.

ಕಾನೂನಿನ ಲೆಕ್ಕದಲ್ಲಿ ಬ್ರಿಟನ್ ಸೋತಿದೆ. 2019ರ ಫೆಬ್ರುವರಿಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ದ್ವೀಪಗಳನ್ನು ಬೇರೆ ಮಾಡಿದ್ದು ಕಾನೂನುಬದ್ಧವಲ್ಲ, ಆದಷ್ಟು ಬೇಗ ಆಡಳಿತ ಬಿಡಬೇಕು ಅಂತ ಅಭಿಪ್ರಾಯ ಕೊಟ್ಟಿತು. ಅದೇ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 116 ದೇಶಗಳು ಮಾರಿಷಸ್ ಪರ ಮತ ಹಾಕಿದವು, ವಿರುದ್ಧ ಬಿದ್ದದ್ದು ಆರೇ ಮತ. ನಮ್ಮ ದೇಶವೂ ಪರ ನಿಂತಿತು. ನನಗೆ ಅದು ಹೆಮ್ಮೆಯೇ.

ಆದರೆ 2025ರ ಮೇ 22ರಂದು ಸಹಿಯಾದ ಒಪ್ಪಂದ ನೋಡಿ. ಸಾರ್ವಭೌಮತ್ವ ಮಾರಿಷಸ್‌ಗೆ, ಡಿಯಾಗೋ ಗಾರ್ಸಿಯಾ 99 ವರ್ಷ ಬ್ರಿಟನ್ನಿನ ಕೈಯಲ್ಲಿ. ಆ ಮುಖ್ಯ ದ್ವೀಪಕ್ಕೆ ಜನ ವಾಪಸ್ ಹೋಗಿ ನೆಲೆಸುವಂತಿಲ್ಲ. ಉಳಿದ ದ್ವೀಪಗಳಲ್ಲಿ ಮಾರಿಷಸ್ ಬೇಕಾದರೆ ಆ ಜನರಿಗೆ ನೆಲೆ ಮಾಡಿಕೊಡಬಹುದು. ಚಾಗೋಸಿನವರ ಹೆಸರಲ್ಲಿ 4 ಕೋಟಿ ಪೌಂಡ್ ನಿಧಿ ಇಡುವ ಮಾತಿದೆ. ಮಾತುಕತೆಯ ಮೇಜಿನಲ್ಲಿ ಮಾತ್ರ ಅವರಿಗೆ ಕುರ್ಚಿ ಇರಲಿಲ್ಲ. ಎರಡು ಸರ್ಕಾರಗಳು ಕೂತು ಮೂರನೆಯವರ ಮನೆ ಬಗ್ಗೆ ತೀರ್ಮಾನ ಮಾಡುವುದು 1965ರಲ್ಲಿ ತಪ್ಪಾಗಿತ್ತು ಅಂದಮೇಲೆ ಈಗ ಹೇಗೆ ಸರಿಯಾಗುತ್ತದೆ? ಬಡಪಾಯಿಗಳು ಬಂದಿಳಿದಾಗ ಮಾರಿಷಸ್ ಕೂಡ ಅವರನ್ನು ಚೆನ್ನಾಗಿ ನೋಡಿಕೊಳ್ಳಲಿಲ್ಲ. ಗೆದ್ದ ಪಕ್ಷ ಅನ್ನುವ ಕಾರಣಕ್ಕೆ ಅದನ್ನು ಮರೆಯುವುದು ಬೇಡ.

ಭಾರತ ಈ ಒಪ್ಪಂದವನ್ನು ಸ್ವಾಗತಿಸಿದೆ. 2025ರ ಸೆಪ್ಟೆಂಬರ್‌ನಲ್ಲಿ ಮಾರಿಷಸ್‌ಗೆ ಘೋಷಿಸಿದ ನೆರವಿನಲ್ಲಿ ಚಾಗೋಸ್ ಸಮುದ್ರ ಸಂರಕ್ಷಿತ ಪ್ರದೇಶದ ಅಭಿವೃದ್ಧಿ, ಕಣ್ಗಾವಲು ಕೂಡ ಸೇರಿದೆ. ಹಾಗಾಗಿ ನನ್ನ ಕೋರಿಕೆ ಇಷ್ಟೇ. ಅದೇ ನೆರವಿನಲ್ಲಿ ಚಾಗೋಸಿನದೇ ಆದ ಪೆರೋಸ್ ಬನ್ಹೋಸ್, ಸಾಲೋಮನ್ ದ್ವೀಪಗಳಿಗೆ ಒಂದು ಜೆಟ್ಟಿ, ಕುಡಿಯುವ ನೀರು, ಒಂದಿಷ್ಟು ಮನೆಗಳು ಸೇರಲಿ. ಅದಕ್ಕೂ ಮೊದಲು ಆ ಜನರನ್ನು ಕೂರಿಸಿಕೊಂಡು ಏನು ಬೇಕು ಅಂತ ಕೇಳಲಿ. ನಮ್ಮ ಸಂಸದರು ಈ ಪ್ರಶ್ನೆಯನ್ನು ಲೋಕಸಭೆಯಲ್ಲಿ ಎತ್ತುವಂತೆ ನಿಮ್ಮ ಪತ್ರಿಕೆ ಒತ್ತಾಯಿಸಲಿ. ಇಪ್ಪತ್ತರ ವಯಸ್ಸಿನಲ್ಲಿ ಹಡಗು ಹತ್ತಿದವರಿಗೆ ಈಗ ಎಪ್ಪತ್ತು ದಾಟಿದೆ.

ಇಂತಿ,
ನಿಮ್ಮ ಓದುಗ
ಅರಸೀಕೆರೆ, ಹಾಸನ ಜಿಲ್ಲೆ