ಆದಾಯ ಪ್ರಮಾಣಪತ್ರ ಯಾಕೆ ಕೇಳುತ್ತಿದ್ದೇವೆ: ಒಂಬತ್ತು, ಹತ್ತನೇ ತರಗತಿಯ ಪೋಷಕರಿಗೆ

ಆತ್ಮೀಯ ಪೋಷಕರೇ,

ನಮಸ್ಕಾರ. ಕಳೆದ ವಾರ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳ ಕೈಲಿ ಮೂರು ಸಾಲಿನ ಒಂದು ಚೀಟಿ ಕಳಿಸಿದ್ದೆವು. ಮನೆಯ ಆದಾಯ ಪ್ರಮಾಣಪತ್ರದ ಪ್ರತಿ ತಂದು ಕೊಡಿ ಅಂತ. ಅದಕ್ಕೆ ಬಂದ ಉತ್ತರ ಮೂರು ಸಾಲಿನಲ್ಲಿ ಮುಗಿಯಲಿಲ್ಲ. ಕೆಲವರು ಫೋನ್ ಮಾಡಿ ಜೋರು ಮಾಡಿದಿರಿ. ಕೆಲವರು ಆಡಳಿತ ಮಂಡಳಿಗೆ ಬರೆದು ಕೊಟ್ಟಿರಿ. "ನಮ್ಮ ದುಡಿಮೆ ಎಷ್ಟು ಅಂತ ಶಾಲೆಗೆ ಯಾಕೆ ಬೇಕು, ಫೀಸು ಏರಿಸಲಿಕ್ಕಾ?" ಅಂತ ಒಬ್ಬರು ಮುಖಕ್ಕೇ ಕೇಳಿದರು. ಹಾಗೆ ಕೇಳಿದ್ದು ನನಗೆ ಹಿಡಿಸಿತು. ಯಾಕೆಂದರೆ ಉಳಿದವರು ಕೇಳಲಿಲ್ಲ, ವಾಟ್ಸಾಪ್ ಗ್ರೂಪಿನಲ್ಲಿ ತಾವೇ ಉತ್ತರವನ್ನೂ ಬರೆದುಕೊಂಡರು: ಶಾಲೆಯವರು ಬಿಪಿಎಲ್ ಕಾರ್ಡ್ ಇರುವವರ ಪಟ್ಟಿ ಮಾಡಿ ಆಹಾರ ಇಲಾಖೆಗೆ ಕೊಡುತ್ತಾರಂತೆ.

ಕೊಡುವುದಿಲ್ಲ. ಹಾಗೆ ಯಾರೂ ನಮ್ಮನ್ನು ಕೇಳಿಲ್ಲ, ಕೇಳಿದರೂ ಅದು ನಮ್ಮ ಕೆಲಸ ಅಲ್ಲ. ಫೀಸಿಗೂ ಇದಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ಯಾಕೆ ಬೇಕು? ಸ್ಕಾಲರ್‌ಶಿಪ್‌ಗೆ. ಇಷ್ಟು ಹೇಳಿದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಈ ಪತ್ರ ಮಡಚಿ ಇಡುತ್ತೀರಿ ಅಂತ ನನಗೆ ಗೊತ್ತು. "ಅದೆಲ್ಲ ತೀರಾ ಬಡವರಿಗೆ, ನಮ್ಮಂಥವರಿಗೆ ಎಲ್ಲಿ ಬರುತ್ತದೆ" ಅನ್ನುವುದು ನಮ್ಮ ಕಡೆ ಗಟ್ಟಿಯಾಗಿ ಕೂತುಬಿಟ್ಟಿದೆ. ಗೋವಾದ ಫ್ಯಾಕ್ಟರಿಗೆ ದಿನಾ ಬಸ್ಸಲ್ಲಿ ಹೋಗಿ ಬರುವ ತಂದೆ, ಅಂಗನವಾಡಿಯಲ್ಲಿ ದುಡಿಯುವ ತಾಯಿ, ಬೋಟಿನಲ್ಲಿ ಪಾಲು ಇಟ್ಟುಕೊಂಡವರು, ಸಣ್ಣ ಅಂಗಡಿ ಇರುವವರು, ಇವರೆಲ್ಲ ಅರ್ಜಿಯನ್ನೇ ಹಾಕುವುದಿಲ್ಲ. ಹಿಂದೆ ಅದು ಸರಿಯೂ ಇತ್ತು. ಈಗ ಮಿತಿ ಸಡಿಲವಾಗಿದೆ, ನಾವಿನ್ನೂ ಹಳೇ ಲೆಕ್ಕದಲ್ಲೇ ಇದ್ದೇವೆ.

ಎಂಟನೇ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ ಸ್ಕಾಲರ್‌ಶಿಪ್ ಪರೀಕ್ಷೆ ನಿಮಗೆ ಗೊತ್ತಿದೆ. ಅದಕ್ಕೆ ಮೊದಲು ಮನೆಯ ಆದಾಯ ವರ್ಷಕ್ಕೆ 1.5 ಲಕ್ಷದೊಳಗೆ ಇರಬೇಕಿತ್ತು, ಈಗ 3.5 ಲಕ್ಷ. ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಮ್ಮದು ಅನುದಾನಿತ ಶಾಲೆ, ಹಾಗಾಗಿ ನಮ್ಮ ಮಕ್ಕಳಿಗೆ ಅವಕಾಶ ಇದೆ. ಅದು ಹಾಗಿರಲಿ.

ನಾನು ಮುಖ್ಯವಾಗಿ ಹೇಳಬೇಕಾದದ್ದು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇ ಕೊಡುವ 'ಪ್ರಗತಿ' ಸ್ಕಾಲರ್‌ಶಿಪ್ ಬಗ್ಗೆ. ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಸೇರುವ ಹೆಣ್ಣುಮಕ್ಕಳಿಗೆ ಸರ್ಕಾರದ ದುಡ್ಡು. ವರ್ಷಕ್ಕೆ 50,000 ರೂಪಾಯಿ, ಓದು ಮುಗಿಯುವ ತನಕ, ಪ್ರತಿ ವರ್ಷ. ಶುರುವಿನಲ್ಲಿ ಆದಾಯ ಮಿತಿ 6 ಲಕ್ಷ ಇತ್ತು, ಮನೆಗೆ ಒಬ್ಬಳೇ ಹುಡುಗಿ ಅನ್ನುತ್ತಿದ್ದರು. ಈಗ ಮಿತಿ 8 ಲಕ್ಷ, ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು ಅರ್ಜಿ ಹಾಕಬಹುದು. ಎಸ್‌ಎಸ್‌ಎಲ್‌ಸಿ ಮುಗಿಸಿ ಪಾಲಿಟೆಕ್ನಿಕ್ ಸೇರಿದರೆ ಮೂರು ವರ್ಷಕ್ಕೆ ಒಂದೂವರೆ ಲಕ್ಷ ಆಯಿತು. ಸರ್ಕಾರಿ ಪಾಲಿಟೆಕ್ನಿಕ್‌ನ ಫೀಸು ಕಟ್ಟಿ ಇನ್ನೂ ಬೇಕಾದಷ್ಟು ಉಳಿಯುತ್ತದೆ. ಉಳಿದದ್ದರಲ್ಲಿ ಲ್ಯಾಪ್‌ಟಾಪ್ ತೆಗೆದುಕೊಳ್ಳಬಹುದು, ಪುಸ್ತಕ ತೆಗೆದುಕೊಳ್ಳಬಹುದು, ಅದಕ್ಕೆಂದೇ ಕೊಡುವುದು. ಕಾರವಾರದಲ್ಲೇ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಮುಂದೆ ಓದುತ್ತೇನೆ ಅಂದರೆ ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಆದರೂ ಗಣಿತದಲ್ಲಿ ಚುರುಕಾಗಿರುವ ಹುಡುಗಿಯರು ಪ್ರತಿ ವರ್ಷ "ಮನೇಲಿ ಹತ್ತಿರದ ಕಾಲೇಜೇ ಸಾಕು ಅಂದರು" ಅಂತ ಯಾವುದೋ ಒಂದು ಕೋರ್ಸಿಗೆ ಸೇರಿಬಿಡುತ್ತಾರೆ. ಆ ಕೋರ್ಸು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಖರ್ಚಿಗೆ ಹೆದರಿ ಆರಿಸಿಕೊಳ್ಳುವುದು ಬೇಡ ಅನ್ನುತ್ತಿದ್ದೇನೆ.

ಈಗ ನಿಜವಾದ ತಕರಾರಿಗೆ ಬರುತ್ತೇನೆ. ಬಿಪಿಎಲ್ ಕಾರ್ಡ್.

ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಆದಾಯ ಮಿತಿ ವರ್ಷಕ್ಕೆ 1.2 ಲಕ್ಷ. ಪ್ರಗತಿಗೆ 8 ಲಕ್ಷ. ನಡುವೆ ಇರುವ ಅಂತರದಲ್ಲೇ ನಮ್ಮ ಊರಿನ ಮುಕ್ಕಾಲು ಸಂಸಾರಗಳು ಇವೆ. ಅದಕ್ಕೇ ಎಲ್ಲರಿಗೂ ಒಂದೇ ಹೆದರಿಕೆ: ನಿಜವಾದ ಆದಾಯ ಬರೆಸಿದರೆ ಕಾರ್ಡ್ ಹೋಗುತ್ತದೆ. ಈ ಹೆದರಿಕೆಯನ್ನು ನಾನು ಹಗುರ ಮಾಡಿ ಮಾತಾಡುವುದಿಲ್ಲ. ಅಕ್ಕಿಯ ಮಾತು ಒಂದು ಕಡೆ ಇರಲಿ, ಆಸ್ಪತ್ರೆಯ ಮಾತು ದೊಡ್ಡದು. ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್ ಮನೆಗೆ ಖರ್ಚಿನ ಶೇಕಡಾ 30 ಮಾತ್ರ, ಅದೂ ಒಂದೂವರೆ ಲಕ್ಷ ದಾಟುವಂತಿಲ್ಲ. ಏನಾದರೂ ದೊಡ್ಡದು ಆಯಿತು ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾಕ್ಕೆ ಓಡಬೇಕಾದ ಜಿಲ್ಲೆಯವರು ನಾವು. ಆ ಕಾರ್ಡನ್ನು ಯಾಕೆ ಗಟ್ಟಿಯಾಗಿ ಹಿಡಿದುಕೊಂಡಿದ್ದೀರಿ ಅಂತ ನನಗೆ ಗೊತ್ತಿದೆ.

ಆದರೆ ಗೃಹಲಕ್ಷ್ಮಿಯನ್ನೂ ಇದರಲ್ಲಿ ಸೇರಿಸಿ ಹೆದರಬೇಡಿ. ಆ 2,000 ರೂಪಾಯಿ ಎಪಿಎಲ್ ಕಾರ್ಡಿನ ಮನೆಗೂ ಬರುತ್ತದೆ. ಗಂಡ ಅಥವಾ ಹೆಂಡತಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾದರೆ ಮಾತ್ರ ಇಲ್ಲ.

ಮೊನ್ನೆ ಒಂದು ಪ್ರಮಾಣಪತ್ರ ನನ್ನ ಮೇಜಿಗೆ ಬಂತು. ವಾರ್ಷಿಕ ಆದಾಯ 11,000 ರೂಪಾಯಿ. ದಿನಕ್ಕೆ 30 ರೂಪಾಯಿ ಲೆಕ್ಕ. ಆ ಮಗುವಿನ ಬಸ್ಸಿಗೂ ಮಧ್ಯಾಹ್ನದ ಐಸ್‌ಕ್ಯಾಂಡಿಗೂ ಅಷ್ಟು ಸಾಲದು, ಮನೆಯ ಮುಂದೆ ಮಾತ್ರ ಬಿಳಿ ಬೋರ್ಡಿನ ಕಾರು ನಿಂತಿರುತ್ತದೆ. ಯಾರದ್ದು ಅಂತ ಹೇಳುವುದಿಲ್ಲ, ಇಂಥದ್ದು ಒಂದೇ ಅಲ್ಲ ಬಿಡಿ. ಸೈಬರ್ ಅಂಗಡಿಯಲ್ಲಿ "ಕಡಿಮೆ ಹಾಕಿ ಬಿಡಿ, ಎಲ್ಲದಕ್ಕೂ ಆಗುತ್ತದೆ" ಅಂತ ಯಾರೋ ಹೇಳಿಕೊಟ್ಟಿರುತ್ತಾರೆ.

"ಕಡಿಮೆ ತೋರಿಸಿದರೂ 8 ಲಕ್ಷದೊಳಗೇ ಬರುತ್ತದಲ್ಲ ಅಕ್ಕೋರೇ, ನಿಜ ಹೇಳಿ ಏನು ಲಾಭ?" ಅಂತ ಕೇಳಿದವರಿದ್ದಾರೆ. ಒಳ್ಳೇ ಪ್ರಶ್ನೆ. ಇದಕ್ಕೆ ಸ್ವಲ್ಪ ಉದ್ದಕ್ಕೇ ಉತ್ತರ ಹೇಳುತ್ತೇನೆ. ಗೋವಾದಲ್ಲಿ ಕೆಲಸ ಮಾಡುವವರಿಗೆ ಸಂಬಳದ ಚೀಟಿ ಇದೆ, ಪಿಎಫ್ ಇದೆ, ಪ್ಯಾನ್ ಕಾರ್ಡ್ ಇದೆ, ಎಲ್ಲದಕ್ಕೂ ಆಧಾರ್ ಜೋಡಿಸಿದ್ದಾರೆ. ಒಂದು ಕಡೆ 4 ಲಕ್ಷ ಸಂಬಳ, ಇನ್ನೊಂದು ಕಡೆ 40,000 ಆದಾಯ, ಎರಡಕ್ಕೂ ಅದೇ ಆಧಾರ್ ನಂಬರ್. ಇವತ್ತು ಯಾರೂ ನೋಡದೇ ಇರಬಹುದು. ನಿಮ್ಮ ಮಗಳು ಎರಡನೇ ವರ್ಷದಲ್ಲಿ ಇರುವಾಗ ನೋಡಿದರೆ? ಸ್ಕಾಲರ್‌ಶಿಪ್ ನಿಲ್ಲುತ್ತದೆ, ತೆಗೆದುಕೊಂಡದ್ದನ್ನು ವಾಪಸ್ ಕಟ್ಟಿ ಅನ್ನುತ್ತಾರೆ, ಆಗ ಕಾಲೇಜಿನಲ್ಲಿ ತಲೆ ತಗ್ಗಿಸಿ ನಿಲ್ಲುವವಳು ಅವಳು, ಸೈಬರ್ ಅಂಗಡಿಯವನಲ್ಲ. ಮಿತಿ ಕಡಿಮೆ ಇದ್ದಾಗ ಸುಳ್ಳು ಹೇಳುವ ಒತ್ತಡವಾದರೂ ಇತ್ತು. 8 ಲಕ್ಷಕ್ಕೆ ಸಡಿಲ ಮಾಡಿದ ಮೇಲೂ ಯಾಕೆ? ನಿಜ ಹೇಳಿದರೂ ನೀವು ಒಳಗೇ ಇದ್ದೀರಿ.

ಕಾರ್ಡ್ ಉಳಿಯುತ್ತದೆ ಅಂತ ನಾನು ಭರವಸೆ ಕೊಡಲಾರೆ, ಅದು ನನ್ನ ಕೈಲಿಲ್ಲ. ನಾಡಕಚೇರಿಯಿಂದ ಬರುವ ಪ್ರಮಾಣಪತ್ರಕ್ಕೆ ಆರ್‌ಡಿ ನಂಬರ್ ಇರುತ್ತದೆ, ಅದು ಸರ್ಕಾರದ ಕಂಪ್ಯೂಟರಿನಲ್ಲಿ ಇದ್ದೇ ಇದೆ. ಶಾಲೆಗೆ ಕೊಟ್ಟರೂ ಇರುತ್ತದೆ, ಕೊಡದಿದ್ದರೂ ಇರುತ್ತದೆ. ಹಾಗಾಗಿ ನಮ್ಮಿಂದ ಮುಚ್ಚಿಟ್ಟು ಏನೂ ಉಳಿಯುವುದಿಲ್ಲ. ಕಾರ್ಡೋ ನಿಜವಾದ ಆದಾಯವೋ ಅನ್ನುವುದನ್ನು ನೀವು ಮನೆಯಲ್ಲಿ ಕೂತು ತೀರ್ಮಾನ ಮಾಡಿ. ನಿಜಕ್ಕೂ 1.2 ಲಕ್ಷದೊಳಗೆ ದುಡಿಯುವವರಿಗೆ ಈ ಪ್ರಶ್ನೆಯೇ ಇಲ್ಲ, ಅವರು ನಿಶ್ಚಿಂತೆಯಿಂದ ಬರೆಸಬಹುದು.

ಮೀನುಗಾರಿಕೆಯವರ ಕಷ್ಟ ಬೇರೆ. ನಿಮಗೆ ವರ್ಷದ ಆದಾಯ ಅಂತ ಒಂದು ಅಂಕಿ ಹೇಳುವುದೇ ಕಷ್ಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಇಳಿಯುವಂತಿಲ್ಲ, ಉಳಿದ ತಿಂಗಳಲ್ಲಿ ಬಂಗಡೆ ಬಂದರೆ ಬಂತು, ಇಲ್ಲದಿದ್ದರೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ. ಬೋಟು ಇದೆ ಅಂದ ಮಾತ್ರಕ್ಕೆ ಶ್ರೀಮಂತರಲ್ಲ ಅನ್ನುವುದು ಬೈತಖೋಲ್ ಬಂದರಿನಲ್ಲಿ ಒಂದು ಬೆಳಗ್ಗೆ ನಿಂತರೆ ಯಾರಿಗಾದರೂ ತಿಳಿಯುತ್ತದೆ. ಗ್ರಾಮ ಆಡಳಿತಾಧಿಕಾರಿ (ವಿ.ಎ.) ಪರಿಶೀಲನೆಗೆ ಬಂದಾಗ ಇದನ್ನೇ ಬಿಡಿಸಿ ಹೇಳಿ. ಪಾಲು ಎಷ್ಟು, ಸಾಲದ ಕಂತು ಎಷ್ಟು, ಕೈಗೆ ಉಳಿಯುವುದು ಎಷ್ಟು. ಅಂದಾಜೇ ಇರಲಿ, ಆದರೆ ನಿಮ್ಮದೇ ಅಂದಾಜು ಇರಲಿ.

ಇನ್ನೊಂದು ದೂರು ಇದಕ್ಕೆ ಉಲ್ಟಾ ದಿಕ್ಕಿನಿಂದ ಬಂದಿದೆ. ಅದನ್ನು ಬರೆದವರು ಕೂಲಿ ಮಾಡುವ ತಾಯಿ. "8 ಲಕ್ಷ ಇರುವವರನ್ನೂ ನೀವೇ ಕರೆದು ಅರ್ಜಿ ಹಾಕಿಸಿದರೆ ನನ್ನ ಮಗಳಿಗೆ ಏನು ಉಳಿಯುತ್ತದೆ?" ಈ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಪ್ರಗತಿಯಲ್ಲಿ ದೇಶಕ್ಕೆಲ್ಲ ಸೇರಿ ಡಿಪ್ಲೊಮಾಕ್ಕೆ 5,000, ಡಿಗ್ರಿಗೆ 5,000 ಅಂತ ಲೆಕ್ಕ. ಡಿಪ್ಲೊಮಾಕ್ಕೆ ಹತ್ತನೇ ತರಗತಿಯ ಅಂಕ ನೋಡಿ ಆರಿಸುತ್ತಾರೆ. ಅಂದರೆ ಟ್ಯೂಷನ್‌ಗೆ ಹೋಗಿ 95 ತೆಗೆದ ಹುಡುಗಿ, ಸಂಜೆ ಅಮ್ಮನ ಜೊತೆ ಮೀನು ಮಾರಿ 85 ತೆಗೆದ ಹುಡುಗಿಯನ್ನು ಹಿಂದೆ ಹಾಕುತ್ತಾಳೆ. ಬಸ್ಸಿನ ಬಾಗಿಲು ಅಗಲ ಮಾಡಿದರು, ಸೀಟು ಮಾತ್ರ ಬಾಗಿಲಿಗೆ ತಕ್ಕಷ್ಟು ಹೆಚ್ಚಿಸಲಿಲ್ಲ. ಮಿತಿ ಸಡಿಲ ಮಾಡುವುದು ಒಳ್ಳೆಯದೇ, ನಡುವಿನ ಸಂಸಾರಗಳಿಗೂ ಓದಿಸುವುದು ಸುಲಭ ಅಲ್ಲ. ಆದರೆ ಅರ್ಧಕ್ಕೆ ನಿಲ್ಲಿಸಿದ ಸಡಿಲಿಕೆ ಇದು ಅನ್ನುವುದು ನನ್ನ ಅಭಿಪ್ರಾಯ.

ಹಾಗಂತ ಅರ್ಹತೆ ಇರುವ ಮಗುವಿಗೆ "ನಿನಗೆ ಹೇಳುವುದಿಲ್ಲ" ಅನ್ನಲು ನನಗೆ ಆಗುವುದಿಲ್ಲ. ನಾನು ಮಾಡಬಹುದಾದದ್ದು, ಕಡಿಮೆ ಆದಾಯದ ಮನೆಯವರಿಗೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಇರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ತಪ್ಪದ ಹಾಗೆ ನೋಡಿಕೊಳ್ಳುವುದು. ಅಲ್ಲಿ ಮಿತಿ ಕಡಿಮೆ ಇದೆ, ಪೈಪೋಟಿಯೂ ಕಡಿಮೆ. ನೆನಪಿರಲಿ, ಪ್ರಗತಿ ಸಿಕ್ಕಿದರೆ ಅದೇ ವರ್ಷ ಇನ್ನೊಂದು ಸರ್ಕಾರಿ ಸ್ಕಾಲರ್‌ಶಿಪ್ ತೆಗೆದುಕೊಳ್ಳುವಂತಿಲ್ಲ. ಮತ್ತೆ ಅದೇ ಮಾತಿಗೆ ಬಂದೆ: ಆದಾಯ ಇದ್ದವರು ಕಡಿಮೆ ಬರೆಸಿ ಈ ಸಾಲಿಗೂ ಬಂದು ನಿಂತರೆ ಆ ತಾಯಿಯ ಮಗಳಿಗೆ ಎಲ್ಲಿಯೂ ಜಾಗ ಇರುವುದಿಲ್ಲ. ಯಾರನ್ನೂ ಚುಚ್ಚಲು ಹೇಳುತ್ತಿಲ್ಲ.

ಗಂಡುಮಕ್ಕಳ ಪೋಷಕರು ಬೇಜಾರು ಮಾಡಿಕೊಳ್ಳಬೇಡಿ. ಡಿಪ್ಲೊಮಾ, ಎಂಜಿನಿಯರಿಂಗ್ ಎರಡರಲ್ಲೂ ಶೇಕಡಾ 5ರಷ್ಟು ಹೆಚ್ಚುವರಿ ಸೀಟುಗಳಿಗೆ ಬೋಧನಾ ಶುಲ್ಕ ಮಾಫಿ ಇದೆ, ನಮ್ಮ ಕಡೆ ಎಸ್‌ಎನ್‌ಕ್ಯು ಅನ್ನುತ್ತಾರೆ. ಅದು ಹುಡುಗ, ಹುಡುಗಿ ಇಬ್ಬರಿಗೂ. ಅಲ್ಲಿಯೂ ಮಿತಿ 8 ಲಕ್ಷ, ಅಲ್ಲಿಯೂ ಇದೇ ಕಾಗದ ಬೇಕು. ಅಂಗವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆ ಇಲ್ಲದ ಮಕ್ಕಳಿಗೆ 'ಸಕ್ಷಮ್' ಇದೆ, ಅದೂ 50,000. ಅಂಥ ಮಕ್ಕಳ ಮನೆಯವರು ನನ್ನನ್ನು ಬೇರೆಯಾಗಿ ಕಾಣಿ.

ಈಗಲೇ ಯಾಕೆ, ರಿಸಲ್ಟ್ ಬಂದ ಮೇಲೆ ನೋಡೋಣ ಅನ್ನುವವರಿಗೆ ಒಂದು ಮಾತು. ದುಡ್ಡು ತಪ್ಪುವುದು ಆದಾಯದಿಂದ ಅಲ್ಲ, ಜಾಸ್ತಿ ತಪ್ಪುವುದು ಹೆಸರಿನಿಂದ. ಆಧಾರ್‌ನಲ್ಲಿ 'ನಾಯ್ಕ', ಶಾಲೆ ದಾಖಲೆಯಲ್ಲಿ 'ನಾಯಕ', ಆದಾಯ ಪತ್ರದಲ್ಲಿ ತಂದೆಯ ಹೆಸರಿನ ಬದಲು ಮನೆತನದ ಹೆಸರು. ಕಂಪ್ಯೂಟರಿಗೆ ಇವರು ಮೂರು ಬೇರೆ ಜನ. ಅಂಕಪಟ್ಟಿ ಅಚ್ಚಾಗುವ ಮೊದಲು ತಿದ್ದುವುದು ಸುಲಭ, ಆಮೇಲೆ ಕಚೇರಿ ಕಚೇರಿ ಅಲೆಯಬೇಕು. ಹಾಗೇ ಬ್ಯಾಂಕ್ ಖಾತೆ. ಪಾಸ್‌ಬುಕ್‌ಗೆ ಆಧಾರ್ ಕೊಟ್ಟಿದ್ದೇವೆ ಅಂದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ದುಡ್ಡು ಆಧಾರ್ ಮೂಲಕ ಆ ಖಾತೆಗೇ ಬೀಳುವ ಹಾಗೆ ಜೋಡಣೆ, ಆಗಿದೆಯಾ ಅಂತ ಬ್ಯಾಂಕಿನಲ್ಲಿ ಕೇಳಿ. ಮುಂದಿನ ವರ್ಷ ಹೊಸ ಆದಾಯ ಪತ್ರ ಕೇಳಿದರೂ ಕೇಳಬಹುದು, ಆದರೆ ತಪ್ಪುಗಳು ಈಗಲೇ ಸಿಕ್ಕಿಬಿದ್ದಿರುತ್ತವೆ.

ಈ ತಿಂಗಳ ಕೊನೆಯ ಶನಿವಾರದೊಳಗೆ ಆದಾಯ ಪ್ರಮಾಣಪತ್ರದ ಪ್ರತಿ ತಂದು ಕೊಡಿ.

ಪ್ರತಿ ಬಿಟ್ಟು ಹೋಗಲು ಮನಸ್ಸಿಲ್ಲದವರು ಮೂಲಪತ್ರ ತೋರಿಸಿ, ಹೆಸರು ತಾಳೆ ನೋಡಿಸಿಕೊಂಡು ವಾಪಸ್ ಒಯ್ಯಬಹುದು. ಅದರಲ್ಲಿ ಬರೆದ ಅಂಕಿಯ ಬಗ್ಗೆ ಇಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಇನ್ನೂ ಮಾಡಿಸದವರು ನಾಡಕಚೇರಿಗಾಗಲಿ ಗ್ರಾಮ ಒನ್‌ಗಾಗಲಿ ಹೋಗಿ, ಮಧ್ಯದಲ್ಲಿ ಯಾರಿಗೂ ಜಾಸ್ತಿ ದುಡ್ಡು ಕೊಡಬೇಡಿ. ತಂದೆ ಸಮುದ್ರಕ್ಕೆ ಹೋಗಿದ್ದರೆ ತಾಯಿ ಬಂದರೂ ಸಾಕು, ಅಜ್ಜಿ ಬಂದರೂ ಸಾಕು. ಕನ್ನಡ ಓದಲು ತೊಡಕಾಗುವವರು ಕೊಂಕಣಿಯಲ್ಲೇ ಕೇಳಿ, ನಮ್ಮ ಗಣಿತದ ಮಾಸ್ತರರು ಶನಿವಾರ ಮಧ್ಯಾಹ್ನದವರೆಗೆ ಆಫೀಸಿನಲ್ಲೇ ಕೂತಿರುತ್ತಾರೆ.

ಇಂತಿ,
ಮುಖ್ಯೋಪಾಧ್ಯಾಯಿನಿ