ಮಗಳಿಗೊಂದು ಪತ್ರ: ಮಂತ್ರಿಯ ಜಾಗಕ್ಕೆ ಬಂದ ರಾಣಿ

ಪುಟ್ಟೀ,

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಒಲೆ ಮೇಲೆ ಹಾಲಿಟ್ಟಿದ್ದೆ. ನಿನ್ನ ಹಿಂದೆ ಫೋನಿಗೆ ಕಾಯುತ್ತಿದ್ದ ಹುಡುಗಿಯರ ಗಲಾಟೆ ಬೇರೆ. "ಚೆಸ್ಸಿನಲ್ಲಿ ರಾಣಿಗೆ ಇಷ್ಟು ಶಕ್ತಿ ಬಂದಿದ್ದು ಸ್ಪೇನಿನ ಇಸಬೆಲ್ಲಾ ರಾಣಿಯಿಂದ ಅಂತಾರೆ, ನಿಜಾನಾ ಅಮ್ಮ? ಅವಳು ಒಳ್ಳೆಯವಳಾ?" ಅಂತ ಕೇಳಿದೆ. ಮೊದಲನೆಯದಕ್ಕೆ "ಇರಬಹುದು" ಅಂದೆ. ಎರಡನೆಯದಕ್ಕೆ "ಹಾಲು ಉಕ್ತಿದೆ, ಇಡ್ತೀನಿ" ಅಂದೆ. ಇವತ್ತು ಮನೆಯಲ್ಲಿ ಯಾರೂ ಇಲ್ಲ, ಒಲೆ ಮೇಲೆ ಹಾಲೂ ಇಲ್ಲ. ಕೂತು ಬರೆಯುತ್ತಿದ್ದೇನೆ.

ನಿನ್ನ ತಾತ ಆ ಕಾಯಿಯನ್ನು ಯಾವತ್ತೂ ರಾಣಿ ಅಂದವರಲ್ಲ. ಅವರಿಗೆ ಅದು ಮಂತ್ರಿ. ಸ್ಪೇನಿನಲ್ಲೂ ಮೊದಲು ಹಾಗೇ ಇತ್ತು. ಆಟ ನಮ್ಮ ದೇಶದಿಂದ ಪರ್ಷಿಯಾಕ್ಕೆ ಹೋಗಿ, ಅಲ್ಲಿಂದ ಅರಬರ ಕೈ ಹಿಡಿದು ಸ್ಪೇನ್ ಸೇರಿತು. ಅಲ್ಲಿ ಆ ಕಾಯಿಗೆ ಅಲ್ಫೆರ್ಸಾ ಅನ್ನುತ್ತಿದ್ದರು, ಅರಬರು ಮಂತ್ರಿ ಕಾಯಿಗೆ ಇಟ್ಟ ಹೆಸರಿನಿಂದ ಬಂದ ಮಾತು. ಅದರ ನಡೆ ಎಷ್ಟು ಗೊತ್ತಾ? ಓರೆಯಾಗಿ ಒಂದೇ ಒಂದು ಮನೆ. 1475ರ ಸುಮಾರಿಗೆ ವೇಲೆನ್ಸಿಯಾದಲ್ಲಿ ಮೂವರು ಕವಿಗಳು ಒಂದು ಇಡೀ ಆಟವನ್ನೇ ಪದ್ಯ ಮಾಡಿ ಬರೆದರು. ಅದರಲ್ಲಿ ರಾಣಿ ಈಗಿನ ಹಾಗೆ ಎಂಟೂ ದಿಕ್ಕಿಗೆ ನುಗ್ಗುತ್ತಾಳೆ. ಇಸಬೆಲ್ಲಾ ಪಟ್ಟಕ್ಕೆ ಬಂದಿದ್ದು 1474ರಲ್ಲಿ. ಎರಡಕ್ಕೂ ಗಂಟು ಹಾಕಿದವರು ಇದ್ದಾರೆ. ತಾರೀಕು ಹೊಂದುತ್ತದೆ, ಅಷ್ಟೇ. ನನಗೆ ಅದು ಊಹೆ ಅಂತಲೇ ಅನಿಸುತ್ತದೆ. ಆದರೆ ಅವಳ ಬದುಕು ನೋಡಿದರೆ ಆ ಊಹೆ ಯಾಕೆ ಹುಟ್ಟಿತು ಅಂತ ತಿಳಿಯುತ್ತದೆ.

ಅವಳು ಹುಟ್ಟಿದ್ದು 1451ರಲ್ಲಿ, ಈಗಿನ ಸ್ಪೇನಿನ ಭಾಗವಾದ ಕ್ಯಾಸ್ಟೀಲ್ ರಾಜ್ಯದ ಮ್ಯಾಡ್ರಿಗಲ್ ಅನ್ನೋ ಊರಿನಲ್ಲಿ. ಮೂರು ವರ್ಷಕ್ಕೆ ಅಪ್ಪ ತೀರಿಹೋದ. ಮಲಅಣ್ಣ ಎನ್ರಿಕೆ ರಾಜನಾದ. ಇವಳು ಅಮ್ಮನ ಜೊತೆ, ಪುಟ್ಟ ತಮ್ಮನ ಜೊತೆ ಅರೆವಲೊ ಊರಿನಲ್ಲಿ ಬೆಳೆದಳು. ಅಮ್ಮನಿಗೆ ದಿನೇ ದಿನೇ ಮನಸ್ಸು ಸ್ವಾಧೀನ ತಪ್ಪುತ್ತಿತ್ತು. ಹತ್ತು ವರ್ಷದ ಹೊತ್ತಿಗೆ ಅಣ್ಣ ಅರಮನೆಗೆ ಕರೆಸಿಕೊಂಡ. ಪ್ರೀತಿಗಲ್ಲ, ಕಣ್ಣಳತೆಯಲ್ಲಿ ಇರಲಿ ಅಂತ.

ಆಮೇಲೆ ಶುರುವಾಯಿತು ನೋಡು, ಮದುವೆ ಮಾತುಕತೆ. ಪೋರ್ಚುಗಲ್ಲಿನ ರಾಜ ಬೇಕೋ, ಫ್ರಾನ್ಸಿನ ರಾಜನ ತಮ್ಮ ಬೇಕೋ. ಯಾರ ಜೊತೆ ಒಪ್ಪಂದ ಬೇಕೋ ಅವರಿಗೆ ಹುಡುಗಿ. ಅವಳಿಗೆ 15 ಆಗಿದ್ದಾಗ ಪೆಡ್ರೊ ಹಿರೋನ್ ಅನ್ನೋ ನಲವತ್ತು ದಾಟಿದ ಪಾಳೆಯಗಾರನಿಗೆ ಕೊಡುವುದು ಅಂತ ತೀರ್ಮಾನವಾಯಿತು. ಹುಡುಗಿ ಉಪವಾಸ ಕೂತು ದೇವರಿಗೆ ಮೊರೆಯಿಟ್ಟಳಂತೆ. ಮದುವೆಗೆ ಹೊರಟ ಗಂಡು ದಾರಿಯಲ್ಲೇ ಕಾಯಿಲೆ ಬಿದ್ದು ಸತ್ತ. ಅವತ್ತಿನಿಂದ ದೇವರು ತನ್ನ ಕಡೆ ಇದ್ದಾನೆ ಅಂತ ಅವಳಿಗೆ ಅನ್ನಿಸಿರಬೇಕು. ಈ ನಂಬಿಕೆ ಮುಂದೆ ಬಹಳ ಜನಕ್ಕೆ ದುಬಾರಿಯಾಯಿತು.

1468ರಲ್ಲಿ ತಮ್ಮನೂ ಸತ್ತ. ವಾರಸುದಾರಿಕೆ ಇವಳ ಹತ್ತಿರ ಬಂತು. ಆಗ ಅವಳೇ ಗಂಡನ್ನು ಆರಿಸಿಕೊಂಡಳು: ಅರಗಾನ್ ರಾಜ್ಯದ ಯುವರಾಜ ಫರ್ಡಿನೆಂಡ್, ಇವಳಿಗಿಂತ ಒಂದು ವರ್ಷ ಚಿಕ್ಕವನು. ಅಣ್ಣನಿಗೆ ಗೊತ್ತಾದರೆ ಮುಗೀತು. ಅದಕ್ಕೆ ಫರ್ಡಿನೆಂಡ್ ನಾಲ್ಕಾರು ಜನರನ್ನು ವ್ಯಾಪಾರಿಗಳ ವೇಷದಲ್ಲಿ ಮುಂದಿಟ್ಟುಕೊಂಡು, ತಾನು ಅವರ ಆಳು ಅಂತ ಹೊರಟ. ದಾರಿಯುದ್ದಕ್ಕೂ ಹೇಸರಗತ್ತೆಗಳಿಗೆ ಮೇವು ಹಾಕಿದ, ರಾತ್ರಿ ಊಟ ಬಡಿಸಿದ. 1469ರ ಅಕ್ಟೋಬರ್ 19ಕ್ಕೆ ವಲಡೊಲಿಡ್‌ನಲ್ಲಿ ಮದುವೆ. ಇನ್ನೊಂದು ತಮಾಷೆ ಕೇಳು. ಇಬ್ಬರೂ ದೂರದ ದಾಯಾದಿಗಳು, ಅಜ್ಜಂದಿರು ಅಣ್ಣತಮ್ಮಂದಿರು. ಅಷ್ಟಕ್ಕೇ ಪೋಪನ ಅನುಮತಿ ಬೇಕಿತ್ತು. ಅನುಮತಿ ಇರಲಿಲ್ಲ, ಸುಳ್ಳು ಪತ್ರ ಓದಿ ತಾಳಿ ಕಟ್ಟಿಸಿದ ಹಾಗಾಯಿತು! ನಿಜವಾದ ಪತ್ರ ಆಮೇಲೆ ಬಂತು. ಸೋದರಮಾವನ ಮಗನನ್ನೇ ಕಟ್ಟಿಕೊಂಡ ನಿನ್ನ ಅಜ್ಜಿಗೆ ಇದನ್ನು ಹೇಳಿದೆ, ಬಿದ್ದು ಬಿದ್ದು ನಕ್ಕರು.

ಚೆಸ್ಸಿನ ರಾಣಿ ಅಂದರೆ ನನಗೆ ಕಣ್ಣ ಮುಂದೆ ಬರುವುದು ಸೆಗೋವಿಯಾದ ಒಂದು ದಿನ. 1474ರ ಡಿಸೆಂಬರ್. ಎನ್ರಿಕೆ ಸತ್ತ ಸುದ್ದಿ ಬಂದಿದೆ. ಗಂಡ ದೂರದ ಸರಗೋಸಾದಲ್ಲಿದ್ದಾನೆ. ಇವಳು ಅವನಿಗೆ ಕಾಯಲಿಲ್ಲ. 13ನೇ ತಾರೀಕು ತಾನೇ ಪಟ್ಟಕ್ಕೇರಿದಳು. ಮೆರವಣಿಗೆಯಲ್ಲಿ ಅವಳ ಮುಂದೆ ಒಬ್ಬ ಸರದಾರ ಒರೆ ಕಳಚಿದ ಕತ್ತಿಯನ್ನು ಎತ್ತಿ ಹಿಡಿದು ನಡೆದ. ಪ್ರಾಣ ತೆಗೆಯುವ ಅಧಿಕಾರ ಯಾರದು ಅಂತ ತೋರಿಸುವ ಕತ್ತಿ ಅದು. ಕೇಳಿದ ಗಂಡನಿಗೆ ಮುಖ ಸಪ್ಪಗಾಯಿತು. ಹೆಂಗಸಿನ ಮುಂದೆ ಕತ್ತಿ ಹೋಗೋದನ್ನು ಎಲ್ಲಾದರೂ ಕೇಳಿದ್ದೀರಾ ಅನ್ನೋ ಹಾಗೆ ಮಾತಾಡಿದನಂತೆ. ತಿಂಗಳೊಳಗೆ ಇಬ್ಬರೂ ಕೂತು ಒಪ್ಪಂದ ಬರೆದುಕೊಂಡರು: ಹೆಸರು ಇಬ್ಬರದೂ, ಆದರೆ ಕ್ಯಾಸ್ಟೀಲಿನ ಒಡತಿ ಅವಳೇ.

ಎನ್ರಿಕೆಗೆ ಹ್ವಾನಾ ಅಂತ ಒಬ್ಬ ಮಗಳಿದ್ದಳು. ಅವಳು ರಾಜನಿಗೆ ಹುಟ್ಟಿದವಳೇ ಅಲ್ಲ ಅಂತ ಇಸಬೆಲ್ಲಾಳ ಕಡೆಯವರು ಊರೆಲ್ಲ ಸಾರಿದರು. ಯುದ್ಧವಾಯಿತು. 1479ಕ್ಕೆ ಇಸಬೆಲ್ಲಾ ಗೆದ್ದಳು, ಹ್ವಾನಾ ಪೋರ್ಚುಗಲ್ಲಿನ ಕಾನ್ವೆಂಟ್ ಸೇರಬೇಕಾಯಿತು. ಅವಳಿಗಾಗ 17 ವರ್ಷ. ಸಾಯುವವರೆಗೂ "ನಾನು, ರಾಣಿ" ಅಂತಲೇ ಸಹಿ ಹಾಕುತ್ತಿದ್ದಳಂತೆ. ಇವಳ ಮಾತು ಯಾಕೋ ಯಾರೂ ಎತ್ತುವುದಿಲ್ಲ.

ಇಸಬೆಲ್ಲಾ ಬುದ್ಧಿವಂತೆ, ಅದರಲ್ಲಿ ಎರಡು ಮಾತಿಲ್ಲ. ಬೆಳೆದು ದೊಡ್ಡವಳಾದ ಮೇಲೆ ಲ್ಯಾಟಿನ್ ಕಲಿತಳು. ಹೆಣ್ಣುಮಕ್ಕಳಿಗೂ ಕಲಿಸಿದಳು. ಬಸುರಿಯಾಗಿದ್ದಾಗಲೂ ಕುದುರೆ ಮೇಲೆ ಊರೂರು ಸುತ್ತಿದಳು. ಇದನ್ನೆಲ್ಲ ಓದುತ್ತಾ ಎಷ್ಟು ಖುಷಿಯಾಯಿತು ಅಂತೀಯಾ. ಆಮೇಲೆ 1492ಕ್ಕೆ ಬಂದೆ.

ಆ ವರ್ಷದ ಜನವರಿ 2ಕ್ಕೆ, ಹತ್ತು ವರ್ಷದ ಯುದ್ಧದ ಕೊನೆಗೆ, ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯ ಗ್ರಾನಡಾ ಶರಣಾಯಿತು. ಗಂಡ ಹೆಂಡತಿ ಅಲ್‌ಹಂಬ್ರಾ ಅರಮನೆಗೆ ಬಂದರು. ಅಲ್ಲಿಂದಲೇ ಮಾರ್ಚ್ 31ಕ್ಕೆ ಒಂದು ಆಜ್ಞೆ ಹೊರಟಿತು: ಕ್ರೈಸ್ತರಾಗದ ಯಹೂದಿಗಳೆಲ್ಲ ಜುಲೈ ಮುಗಿಯುವುದರೊಳಗೆ ದೇಶ ಬಿಡಬೇಕು. ಯುದ್ಧಕ್ಕೆ ಸಾಲ ಕೊಟ್ಟಿದ್ದ ಐಸಾಕ್ ಅಬ್ರಬನೆಲ್ ಕೂಡ ಹೊರಡಬೇಕಾಯಿತು. ಚಿನ್ನ, ಬೆಳ್ಳಿ, ನಾಣ್ಯ ಒಯ್ಯುವ ಹಾಗಿಲ್ಲ. ಮನೆ ಕೊಟ್ಟು ಕತ್ತೆ ತಗೊಂಡರು, ದ್ರಾಕ್ಷಿ ತೋಟ ಕೊಟ್ಟು ಒಂದು ತುಂಡು ಬಟ್ಟೆ ತಗೊಂಡರು ಅಂತ ಆ ಕಾಲದ ಪಾದ್ರಿಯೊಬ್ಬ ಬರೆದಿಟ್ಟಿದ್ದಾನೆ. ಅವನಿಗೆ ಯಹೂದಿಗಳನ್ನು ಕಂಡರೆ ಆಗುತ್ತಿರಲಿಲ್ಲ, ಆದರೂ ಬರೆದಿದ್ದಾನೆ. ಇನ್ನೊಂದೂ ಬರೆದಿದ್ದಾನೆ. ಹೊರಡುವ ಮುಂಚೆ 12 ದಾಟಿದ ಹುಡುಗ ಹುಡುಗಿಯರಿಗೆಲ್ಲ ಮದುವೆ ಮಾಡಿಬಿಟ್ಟರಂತೆ, ದಾರಿಯಲ್ಲಿ ಒಬ್ಬೊಬ್ಬ ಹುಡುಗಿಗೂ ಗಂಡ ಅಂತ ಒಬ್ಬನ ಆಸರೆ ಇರಲಿ ಅಂತ.

ಹೋದ ತಿಂಗಳು ನಿನಗೆ 12 ತುಂಬಿತು. ಪುಸ್ತಕ ಮುಚ್ಚಿ ಹೊರಗೆ ಹೋಗಿ ಬಟ್ಟೆ ಒಣಹಾಕಿ ಬಂದೆ.

15 ವರ್ಷಕ್ಕೆ ಬೇಡದ ಮದುವೆ ತಪ್ಪಲಿ ಅಂತ ಉಪವಾಸ ಕೂತಿದ್ದವಳೇ ಇವಳು ಅಲ್ವಾ? ಯಹೂದಿಗಳಿಂದ ಮತ ಬದಲಿಸಿಕೊಂಡವರ ಮೇಲೂ ಅವಳಿಗೆ ನಂಬಿಕೆ ಇರಲಿಲ್ಲ. ಅವರ ಮನೆಮನೆಯ ನಂಬಿಕೆ ತನಿಖೆ ಮಾಡುವ ಇನ್‌ಕ್ವಿಸಿಷನ್ ಕೋರ್ಟು 1480ರಿಂದಲೇ ನಡೆಯುತ್ತಿತ್ತು. ಮುಂದಿನ ವರ್ಷ ಸೆವಿಲ್‌ನಲ್ಲಿ ಜನರನ್ನು ಸುಟ್ಟರು. ಗ್ರಾನಡಾದ ಮುಸ್ಲಿಮರಿಗೆ ನಿಮ್ಮ ಧರ್ಮ ನಿಮಗೆ ಅಂತ ಕೊಟ್ಟ ಮಾತೂ ಹತ್ತು ವರ್ಷ ಉಳಿಯಲಿಲ್ಲ. "ಕಾಲವೇ ಹಾಗಿತ್ತು" ಅನ್ನುವವರಿದ್ದಾರೆ. ಆ ಮಾತು ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಅದೇ 1492ರ ಏಪ್ರಿಲ್ 17ಕ್ಕೆ ಕೊಲಂಬಸ್ ಜೊತೆ ಒಪ್ಪಂದ. ರಾಣಿ ಒಡವೆ ಮಾರಿ ಹಡಗು ಕೊಡಿಸಿದಳು ಅನ್ನೋದು ಸುಮ್ನೆ ಕತೆ. ದುಡ್ಡು ಹೊಂದಿಸಿದ ಲೂಯಿಸ್ ದೆ ಸಂತಾಂಗೆಲ್, ಮತ ಬದಲಿಸಿದ ಯಹೂದಿ ಮನೆತನದವನು. ಯಹೂದಿಗಳ ಗಡುವು ಮುಗಿದ ಬೆನ್ನಲ್ಲೇ, ಆಗಸ್ಟ್ 3ಕ್ಕೆ ಹಡಗು ಹೊರಟಿತು.

ನಮಗೂ ಅವಳಿಗೂ ಏನು ಸಂಬಂಧ ಅಂತೀಯಾ? ವಾಸ್ಕೋ ಡ ಗಾಮನನ್ನು ಕಳಿಸಿದ ಪೋರ್ಚುಗಲ್ ರಾಜ ಮಾನ್ಯುಯೆಲ್ ಅವಳ ಅಳಿಯ. ಹಿರಿಮಗಳು ಸತ್ತ ಮೇಲೆ ಅವಳ ತಂಗಿಯನ್ನೂ ಮದುವೆಯಾದ. ಗಾಮ ವಾಪಸ್ಸು ಹೊರಟಾಗ ಹಡಗು ರಿಪೇರಿಗೆ ನಿಂತಿದ್ದು ಕಾರವಾರದ ಹತ್ತಿರದ ಅಂಜುದೀವ ದ್ವೀಪದಲ್ಲಿ. ಕೊಲಂಬಸ್ ಹೋದ ಕಡೆಯ ಮೆಣಸಿನಕಾಯಿಯನ್ನು ನಮ್ಮ ಕರಾವಳಿಗೆ ತಂದಿದ್ದೂ ಪೋರ್ಚುಗೀಸರೇ. ನಿನ್ನ ಹಾಸ್ಟೆಲ್ ಸಾರಿನಲ್ಲಿ ಜಾಸ್ತಿ ಆಯ್ತು ಅಂತ ಅಳುತ್ತೀಯಲ್ಲ, ಅದು.

ಕೊನೆಯ ವರ್ಷಗಳು ಅವಳಿಗೂ ಕಷ್ಟದವು. 1497ರಲ್ಲಿ ಹೊಸ ರಾಣಿಯ ನಡೆ ಇರುವ ಒಂದು ಚೆಸ್ ಪುಸ್ತಕ ಸಾಲಮಾಂಕಾದಲ್ಲಿ ಅಚ್ಚಾಯಿತು. ಅರ್ಪಣೆ ಅವಳ ಒಬ್ಬನೇ ಮಗ ಹ್ವಾನ್‌ಗೆ. ಆ ಅಕ್ಟೋಬರಿನಲ್ಲಿ ಅವನು ಸತ್ತ, 19 ವರ್ಷಕ್ಕೆ. ಮರುವರ್ಷ ಹಿರಿಮಗಳು ಹೆರಿಗೆಯಲ್ಲಿ ಹೋದಳು. ಆ ಮಗು ಮಿಗೆಲ್ ಎರಡು ವರ್ಷ ತುಂಬುವ ಮುಂಚೆ ಹೋಯಿತು. ರಾಣಿ ಸತ್ತಿದ್ದು 1504ರ ನವೆಂಬರ್ 26ಕ್ಕೆ, 53 ವರ್ಷಕ್ಕೆ. ಗ್ರಾನಡಾದಲ್ಲೇ ಮಣ್ಣು ಮಾಡಬೇಕು, ಫ್ರಾನ್ಸಿಸ್ಕನ್ ಸನ್ಯಾಸಿಗಳ ಒರಟು ಅಂಗಿ ಹಾಕಬೇಕು ಅಂತ ಹೇಳಿದ್ದಳು. ಈಗ ಅಲ್ಲಿ ಮೇಲೆ ಅಮೃತಶಿಲೆಯ ಸಮಾಧಿ ಇದೆ. ಕೆಳಗಿನ ನೆಲಮಾಳಿಗೆಯಲ್ಲಿ ಸೀಸದ ಸಾದಾ ಪೆಟ್ಟಿಗೆಗಳು, ಅದರಲ್ಲೊಂದು ಪುಟ್ಟದು, ಮಿಗೆಲ್‌ನದು.

ತಾತನ ಚೆಸ್ ಡಬ್ಬಿ ಅಟ್ಟದಲ್ಲಿ ಸಿಕ್ಕಿತು. ಕಪ್ಪು ಮಂತ್ರಿ ಕಳೆದುಹೋಗಿದೆ, ಅದರ ಜಾಗಕ್ಕೆ ಖಾಲಿ ದಾರದ ರೀಲು ಇಟ್ಟಿದ್ದಾರೆ. ದಸರಾ ರಜೆಗೆ ಬಂದಾಗ ಹಳೇ ನಡೆಯಲ್ಲಿ ಒಂದಾಟ ಆಡೋಣ, ಮಂತ್ರಿಗೆ ಓರೆಯಾಗಿ ಒಂದೇ ಮನೆ. ರೀಲು ನನಗಿರಲಿ. ಸ್ವೆಟರ್ ಚಿಕ್ಕದಾಗಿದ್ದರೆ ಹೇಳು.

ನಿನ್ನ
ಅಮ್ಮ